ಕಾರವಾರದ ಕಡೆ ಮನೆ ಕಟ್ಟಿಸುವವರೇ, ಮರಳು ಇಳಿಸುವ ಮೊದಲು ಇದನ್ನು ಓದಿ

ಕಾಲೇಜ್ ಕ್ಯಾಂಪಸ್ಸಿನಲ್ಲಿ ಕ್ವಾರ್ಟರ್ಸ್ ಕಟ್ಟಿಸಲು ಹೊರಟ ಉಪನ್ಯಾಸಕರು ದಯವಿಟ್ಟು ಓದಿ. ಜಾಗ ಕಾಲೇಜಿನದು, ಅರ್ಧ ದುಡ್ಡು ನಮ್ಮದು, ಕಂಟ್ರಾಕ್ಟರ್ ಮಾತ್ರ ಮ್ಯಾನೇಜ್‌ಮೆಂಟ್ ಗೊತ್ತು ಮಾಡಿದವನು. ಇಂಥ ವ್ಯವಹಾರ ಹೇಗಿರುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ?

ನನ್ನ ಕ್ವಾರ್ಟರ್ಸಿನ ಪ್ಲಾನ್ ಚೆನ್ನಾಗಿಯೇ ಇತ್ತು. ಚಿರೆಕಲ್ಲಿನ ಗೋಡೆ, ಮುಂದೆ ಜಗಲಿ, ಸ್ಲ್ಯಾಬಿನ ಮೇಲೆ ಹೆಂಚಿನ ಮಾಡು. ಎಸ್ಟಿಮೇಟಿನಲ್ಲಿ ನದಿ ಮರಳು ಅಂತ ಬರೆದಿತ್ತು, ರೇಟೂ ಅದಕ್ಕೆ ತಕ್ಕ ಹಾಗೇ ಇತ್ತು.

ಎರಡನೇ ಮಳೆಗಾಲ ಮುಗಿಯುವಷ್ಟರಲ್ಲಿ ಒಳಗೋಡೆಗೆ ಮೊಣಕಾಲೆತ್ತರ ಬಿಳಿ ಪುಡಿ. ಬಣ್ಣ ಗುಳ್ಳೆ ಎದ್ದು ಮುಟ್ಟಿದರೆ ಉದುರುತ್ತದೆ. ಪಶ್ಚಿಮದ ಕಿಟಕಿಯ ಸಜ್ಜಾ ಕೆಳಗೆ, ಸರಳು ಹಾದ ದಾರಿಯಲ್ಲೇ, ಉದ್ದಕ್ಕೆ ಕಂದು ಗೆರೆ. ಕಂಟ್ರಾಕ್ಟರನಿಗೆ ಫೋನ್ ಮಾಡಿದೆ.

"ಹೊಸ ಮನೆ ಮೇಡಂ, ಗೋಡೆ ಬೆವರುತ್ತೆ."

ಮತ್ತೆ ಮಾಡಿದೆ. "ಕರಾವಳಿ ಹವಾನೇ ಹಾಗೆ. ಇನ್ನೊಂದು ಕೋಟ್ ಪುಟ್ಟಿ ಹೊಡೆದ್ರೆ ಮುಗೀತು."

ಮೇಸ್ತ್ರಿಯನ್ನು ಕೇಳಿದರೆ, "ಅಕ್ಕೋರೆ, ನಮಗ್ಯಾಕೆ ಕೇಳ್ತೀರಿ? ತಂದು ಹಾಕಿದ್ದನ್ನ ನಾವು ಕಲಸ್ತೇವೆ."

ಹಿತ್ತಿಲಲ್ಲಿ ಉಳಿದ ಮರಳಿನ ರಾಶಿ ಇತ್ತು. ಒಂದು ಹಿಡಿ ಲ್ಯಾಬಿಗೆ ಒಯ್ದೆ. ನಾನು ಕಲಿಸುವುದು ಕೆಮಿಸ್ಟ್ರಿ! ಡಿಸ್ಟಿಲ್ಡ್ ವಾಟರಿನಲ್ಲಿ ಕದಡಿ, ಸೋಸಿ, ಸ್ವಲ್ಪ ನೈಟ್ರಿಕ್ ಆಸಿಡ್ ಹಾಕಿ, ಮೇಲೆ ಸಿಲ್ವರ್ ನೈಟ್ರೇಟ್ ಬಿಟ್ಟೆ. ಟೆಸ್ಟ್ ಟ್ಯೂಬ್ ತುಂಬ ಒಡೆದ ಹಾಲಿನ ಹಾಗೆ ಬಿಳಿ ಗಸಿ. ಪಕ್ಕದ ಟ್ಯೂಬಿನಲ್ಲಿ ಬರೀ ಡಿಸ್ಟಿಲ್ಡ್ ವಾಟರಿಗೆ ಅದನ್ನೇ ಹಾಕಿದ್ದೆ, ಅದು ತಿಳಿಯಾಗೇ ಇತ್ತು. ಉಪ್ಪು! ಪಿಯುಸಿ ಮಕ್ಕಳಿಗೆ ನಾನೇ ಮಾಡಿಸುವ ಟೆಸ್ಟು. ಸ್ಟಾಫ್ ರೂಮಿನಲ್ಲಿ ಈಗ ಅದೇ ತಮಾಷೆ, ಟೀಗೆ ಉಪ್ಪು ಬೇಕಾ ಅಂತ ಕೇಳುತ್ತಾರೆ. ಮೈಯೆಲ್ಲ ಉರಿಯುತ್ತದೆ.

ಇಷ್ಟಾದ ಮೇಲೂ ಕಂಟ್ರಾಕ್ಟರನ ಉತ್ತರ ಕೇಳಿ. "ಕಾಳಿ ನದಿ ಮರಳೇ ಮೇಡಂ, ಬೇಕಾದ್ರೆ ಲಾರಿ ಚೀಟಿ ತೋರಿಸ್ತೇನೆ." ಹೌದಪ್ಪ, ಕಾಳಿಯದ್ದೇ. ಆದರೆ ತೆಗೆದದ್ದು ಸಮುದ್ರ ಸೇರುವ ಅಳಿವೆ ಹತ್ತಿರ. ಭರತ ಬಂದರೆ ಅಲ್ಲಿ ಸಮುದ್ರದ ನೀರೇ ಒಳಗೆ ನುಗ್ಗುತ್ತದೆ. ಸಿಹಿನೀರಲ್ಲಿ ತೊಳೆಸಿದ್ದೀಯಾ ಅಂದರೆ, "ನೀವು ಪಾಠ ಮಾಡೋರು ಮೇಡಂ, ಇದೆಲ್ಲ ಪ್ರಾಕ್ಟಿಕಲ್." ಪ್ರಾಕ್ಟಿಕಲ್ ಅಂತೆ, ನನಗೆ!

ಸಜ್ಜಾದ ಚಕ್ಕೆ ಬಿದ್ದ ಕಡೆ ನೋಡಿದೆ. ಸರಳಿನ ಕೆಳಗೆ ಕಾಂಕ್ರೀಟು ಒಂದು ಬೆರಳು ದಪ್ಪವೂ ಇಲ್ಲ. ಸರಳನ್ನು ಅಚ್ಚಿಗೆ ತಾಗದ ಹಾಗೆ ಎತ್ತಿ ಹಿಡಿಯುವ ಕವರ್ ಬ್ಲಾಕ್ ಬದಲು ಜಲ್ಲಿ ಚೂರು ಇಟ್ಟಿದ್ದಾರೆ. ಕರಾವಳಿ ಗಾಳಿಗೆ ತೆರೆದ ಕಾಂಕ್ರೀಟಿಗೆ ಐಎಸ್ 456:2000, ಅಂದರೆ ಕಾಂಕ್ರೀಟಿನ ಭಾರತೀಯ ಮಾನಕ, ಹೇಳುವುದು ಕನಿಷ್ಠ ಎಂ30 ಗ್ರೇಡ್ (ಸಂಖ್ಯೆ ಹೆಚ್ಚಿದಷ್ಟೂ ಕಾಂಕ್ರೀಟು ಗಟ್ಟಿ), ಸರಳನ್ನು ಮುಚ್ಚುವ ಕಾಂಕ್ರೀಟ್ ಪದರ, ಅಂದರೆ ಕವರ್, 45 ಮಿ.ಮೀ. ಇವನು ಹಾಕಿದ್ದು ಎಂ20. ಉಪ್ಪಿನಲ್ಲಿರುವ ಕ್ಲೋರೈಡ್ ಒಮ್ಮೆ ಸರಳಿಗೆ ತಾಗಿದರೆ ಪುಟ್ಟಿ ಬಳಿದು ಏನೂ ಪ್ರಯೋಜನವಿಲ್ಲ. ತುಕ್ಕು ಉಬ್ಬುತ್ತದೆ, ಕಾಂಕ್ರೀಟನ್ನು ಒಳಗಿಂದ ಒಡೆಯುತ್ತದೆ.

ಮ್ಯಾನೇಜ್‌ಮೆಂಟ್ ಏನಂದಿತು ಗೊತ್ತಾ? "ಫೈನಲ್ ಬಿಲ್ ಪಾಸಾಗಿದೆ, ಇರೋರು ನೀವು, ನೀವೇ ನೋಡ್ಕೋಬೇಕಿತ್ತು." ನನ್ನ ಸಹಿ ಇಲ್ಲದೆ ಬಿಲ್ ಪಾಸು ಮಾಡಿದ್ದು ಅವರು, ನೋಡಿಕೊಳ್ಳಬೇಕಿದ್ದು ನಾನು!

ಮರಳು ಎಲ್ಲಿಂದ ತೆಗೆದದ್ದು ಅಂತ ಜಾಗದ ಹೆಸರು ಸಮೇತ ಬರೆಸಿಕೊಳ್ಳಿ. ಕಲ್ಲು ಪುಡಿ ಮಾಡಿ ತಯಾರಿಸುವ ಎಂ-ಸ್ಯಾಂಡ್ ಆದರೂ ಸರಿ. ಸ್ಲ್ಯಾಬ್ ಹಾಕುವ ದಿನ ರಜೆ ಹಾಕಿ ಅಲ್ಲೇ ನಿಲ್ಲಿ. ನಿಮ್ಮ ಸಹಿ ಇಲ್ಲದೆ ಕೊನೆಯ ಕಂತು ಹೋಗದ ಹಾಗೆ ನೋಡಿಕೊಳ್ಳಿ.

ಅದೇ ಪುಣ್ಯಾತ್ಮ ಪಕ್ಕದ ಪ್ಲಾಟಿಗೂ ಕೊಟೇಶನ್ ಕೊಟ್ಟಿದ್ದಾನಂತೆ. ಅಲ್ಲಿಗೆ ಬರುವವರು ಯಾರೇ ಇರಲಿ, ಮರಳು ಇಳಿದ ದಿನವೇ ಒಂದು ಹಿಡಿ ತಂದುಕೊಡಿ. ಲ್ಯಾಬ್ ಸಂಜೆ 4ರವರೆಗೆ ತೆರೆದಿರುತ್ತದೆ.