ಒಂದೇ ಬೆಳಕಿಂಡಿಯ ಪಡಸಾಲೆ: ರೆಂಡರ್ ಬೇಗ ಆಗಲು ಯಾವುದು ಮೇಲು?

ಹಳೇ ಬಾಗಲಕೋಟೆಯ ನಮ್ಮ ಮನೆ ಆಲಮಟ್ಟಿ ಹಿನ್ನೀರಿಗೆ ಹೋಯಿತು. ಈಗ ನವನಗರದಲ್ಲಿದ್ದೇವೆ. ಅಜ್ಜಿಗೆ ತೋರಿಸಬೇಕು ಅಂತ ಆ ಮನೆಯ ಪಡಸಾಲೆಯನ್ನು ಬ್ಲೆಂಡರ್ ಅನ್ನುವ 3ಡಿ ಸಾಫ್ಟ್‌ವೇರ್‌ನಲ್ಲಿ ಕಟ್ಟಿದೆ. ಕಟ್ಟಿದ್ದನ್ನು ಕಂಪ್ಯೂಟರ್ ಬೆಳಕಿನ ಲೆಕ್ಕ ಹಾಕಿ ಚಿತ್ರವಾಗಿ ತೆಗೆಯುವುದೇ ರೆಂಡರ್. ಕಟ್ಟಿದ್ದು ಸುಲಭ, ಬೆಳಕೇ ಕಷ್ಟ. ಮಾಳಿಗೆಯಲ್ಲಿ ಒಂದೇ ಬೆಳಕಿಂಡಿ. ಬಿಸಿಲು ಕೆಂಪು ನೆಲದ ಮೇಲೆ ಮೊರದಷ್ಟು ಜಾಗದಲ್ಲಿ ಬೀಳುತ್ತದೆ, ಅಲ್ಲಿಂದ ಪುಟಿದು ಸುಣ್ಣದ ಗೋಡೆಗೆ ತುಸು ಕೆಂಪು ಬಳಿದು, ಗೋಡೆಯಿಂದ ಮತ್ತೆ ಜಂತಿಗೆ ಹೋಗುತ್ತದೆ. ಮನೆಯೊಳಗಿನ ಬೆಳಕೆಲ್ಲ ಹೀಗೆ ಪುಟಿದು ಬಂದದ್ದೇ.

ಮೊದಲು ಸುಮ್ನೆ ಸ್ಯಾಂಪಲ್ ಏರಿಸಿದೆ, ಅಂದರೆ ಚಿತ್ರದ ಒಂದೊಂದು ಪಿಕ್ಸೆಲ್‌ಗೂ ಬಿಟ್ಟು ನೋಡುವ ಕಿರಣಗಳ ಸಂಖ್ಯೆ. ಚಿತ್ರದಲ್ಲಿ ಉಳಿಯುವ ಮರಳಿನಂಥ ಚುಕ್ಕಿ ಅರ್ಧ ಆಗಬೇಕಾದರೆ ಸ್ಯಾಂಪಲ್ 4 ಪಟ್ಟು ಬೇಕು, ಕಾಲು ಭಾಗಕ್ಕೆ ಇಳಿಯಬೇಕಾದರೆ 16 ಪಟ್ಟು. ರಾತ್ರಿಯಿಡೀ ಓಡಿಸಿದರೂ ಜಂತಿಯ ಮೂಲೆ ಮರಳು ಚೆಲ್ಲಿದ ಹಾಗೇ ಇತ್ತು. ಈ ದಾರಿ ಬೇಡ.

ಆಮೇಲೆ ಬೆಳಕಿಂಡಿಗೆ ಪೋರ್ಟಲ್ ಇಟ್ಟೆ. ಆಕಾಶದ ಬೆಳಕು ಎಲ್ಲಿಂದ ಒಳಗೆ ಬರುತ್ತದೆ ಅಂತ ಸೈಕಲ್ಸ್‌ಗೆ (ಬ್ಲೆಂಡರ್‌ನಲ್ಲಿ ರೆಂಡರ್ ಮಾಡುವ ಭಾಗ) ತೋರಿಸಿಕೊಡುವುದು ಅಷ್ಟೇ ಇದರ ಕೆಲಸ. ಬೆಳಕಿಂಡಿಯ ಸರಳಿನ ಹೊರಗಡೆ ಇಡಿ, ಪೋರ್ಟಲ್‌ಗೂ ಆಕಾಶಕ್ಕೂ ನಡುವೆ ಏನೂ ಅಡ್ಡ ಇರಬಾರದು. ಬೆಳಕಿಂಡಿಯ ಕೆಳಗಿನ ನೆಲ ಬೇಗ ತಿಳಿಯಾಯಿತು, ಆದರೆ ಬಿಸಿಲು ಪುಟಿಯುವುದಕ್ಕೆ ಪೋರ್ಟಲ್‌ನಿಂದ ಏನೂ ಸಹಾಯವಿಲ್ಲ. ಜಂತಿ ಹಾಗೇ ಉಳಿಯಿತು.

ನನಗೆ ನಿಜವಾಗಿ ಹಿಡಿಸಿದ್ದು ಪಾತ್ ಗೈಡಿಂಗ್. 2022ರ ಡಿಸೆಂಬರ್‌ನಲ್ಲಿ ಬ್ಲೆಂಡರ್ 3.4ರ ಜೊತೆ ಬಂತು, ಒಳಗಿರುವುದು ಇಂಟೆಲ್‌ನ ಲೈಬ್ರರಿ. ರೆಂಡರ್ ಮಾಡುತ್ತಲೇ ಯಾವ ದಿಕ್ಕಿನಿಂದ ಬೆಳಕು ಜಾಸ್ತಿ ಬರುತ್ತಿದೆ ಅಂತ ಕಲಿತು, ಮುಂದಿನ ಕಿರಣಗಳನ್ನು ಆ ಕಡೆಗೇ ಹೆಚ್ಚು ಬಿಡುತ್ತದೆ. ನೆಲದ ಮೇಲಿನ ಆ ಮೊರದಷ್ಟು ಬಿಸಿಲನ್ನು ಅದು ಹುಡುಕಿಕೊಂಡಿತು! ನನ್ನ ಸೀನ್‌ಗೆ ಬೇಕಾಗಿದ್ದೂ ಅದೇ ಅಲ್ವಾ. ಸಿಪಿಯು ಮೇಲೆ ಮಾತ್ರ ಓಡುತ್ತದೆ, ಒಂದೊಂದು ಸ್ಯಾಂಪಲ್‌ಗೂ ಹೊತ್ತು ಜಾಸ್ತಿ ಹಿಡಿಯುತ್ತದೆ. ಆದರೂ ಜಂತಿಯ ಮೂಲೆ ಕಡಿಮೆ ಸ್ಯಾಂಪಲ್‌ನಲ್ಲೇ ತಿಳಿಯಾಯಿತು. ಬಯಲಿನ ಸೀನ್ ಆದರೆ ಗ್ರಾಫಿಕ್ಸ್ ಕಾರ್ಡೇ ಸಾಕು, ಇದು ಬೇಕಿಲ್ಲ.

ರೆಂಡರ್ ಆದ ಚಿತ್ರದ ಚುಕ್ಕಿಗಳನ್ನು ಊಹಿಸಿ ನಯಗೊಳಿಸುವ ಡಿನಾಯ್ಸರ್ ಎಲ್ಲಕ್ಕಿಂತ ವೇಗ, ನಂಬಿಕೆ ಮಾತ್ರ ಕಡಿಮೆ. ಗೋಡೆಯ ಮಾಡದಲ್ಲಿ ದೀಪ ಇಡುತ್ತಿದ್ದರು, ಮೇಲೆ ಮಸಿ ಹಿಡಿದಿತ್ತು. 64 ಸ್ಯಾಂಪಲ್‌ಗೆ ಡಿನಾಯ್ಸ್ ಹಾಕಿದರೆ ಆ ಮಸಿಯನ್ನೇ ಒರೆಸಿಬಿಟ್ಟಿತು. ಗೈಡಿಂಗ್ ಜೊತೆ 512ಕ್ಕೆ ಏರಿಸಿ, ಆಲ್ಬೆಡೊ (ಮೇಲ್ಮೈಯ ಸ್ವಂತ ಬಣ್ಣ) ಮತ್ತು ನಾರ್ಮಲ್ (ಮೇಲ್ಮೈ ಮುಖ ಮಾಡಿದ ದಿಕ್ಕು) ಪಾಸ್‌ಗಳನ್ನು ಡಿನಾಯ್ಸರ್‌ಗೆ ಕೊಟ್ಟು ಹಾಕಿದಾಗ ಮಸಿ ಉಳಿಯಿತು. ಸ್ಥಿರ ಚಿತ್ರಕ್ಕೆ ನಾನು ಇದನ್ನೇ ಇಟ್ಟುಕೊಂಡಿದ್ದೇನೆ.

ಮನೆಯೊಳಗೆ ನಡೆದಾಡುವ ವಿಡಿಯೋಗೆ ಇದು ಸರಿಬರಲಿಲ್ಲ, ಫ್ರೇಮ್‌ನಿಂದ ಫ್ರೇಮ್‌ಗೆ ಗೋಡೆ ಮಿಣುಕುತ್ತದೆ. ಅದಕ್ಕೆ ಬೆಳಕನ್ನು ಗೋಡೆ, ನೆಲದ ಟೆಕ್ಸ್ಚರ್‌ಗೇ (ಮೇಲ್ಮೈಗೆ ಹೊದಿಸುವ ಚಿತ್ರ) ಒಮ್ಮೆ ಬೇಕ್ ಮಾಡಿದೆ, ಅಂದರೆ ಮೊದಲೇ ಲೆಕ್ಕ ಹಾಕಿ ಅದರಲ್ಲೇ ಅಚ್ಚೊತ್ತಿದೆ. ಬಾಗಿಲು ತೆಗೆಯುವುದನ್ನು ತೋರಿಸುವಾಗ ಮಾತ್ರ ಮತ್ತೆ ಬೇಕ್ ಮಾಡಬೇಕು.