ಚೌರಿಯ ಸಿಕ್ಕಿಗೆ ಎಣ್ಣೆಯೋ, ಗೊಂಪೋ, ಕಂಡೀಷನರೋ?

ಶಿವಮೊಗ್ಗ ಮತ್ತು ತೀರ್ಥಹಳ್ಳಿಯ ಸುತ್ತಮುತ್ತ ಮದುವೆ ಹೆಣ್ಣುಗಳಿಗೆ ಮೊಗ್ಗಿನ ಜಡೆ ಹಾಕುವ ಕೆಲಸ ನನ್ನದು. ಆಷಾಢ ಬಂದು ಮದುವೆಗಳು ನಿಂತ ಮೇಲೆ, ಬೇಸಿಗೆಯಿಡೀ ದುಡಿದ ಚೌರಿಗಳನ್ನೂ (ಜಡೆಗೆ ಸೇರಿಸಿ ಹೆಣೆಯುವ ಕೂದಲಿನ ಕಟ್ಟು) ಕ್ಲಿಪ್ಪಿನ ಎಕ್ಸ್‌ಟೆನ್ಷನ್‌ಗಳನ್ನೂ ಹೊರತೆಗೆದು, ಸಿಕ್ಕು ಬಿಡಿಸಿ, ತೊಳೆದು ಎತ್ತಿಡುತ್ತೇನೆ. ಸಿಕ್ಕಿಗೆ ಯಾವುದು ಒಳ್ಳೆಯದು ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುವುದರಿಂದ, ಕಳೆದ ಆಷಾಢದಲ್ಲಿ ನಿಜಕೂದಲಿನ ಒಂದೇ ಚೌರಿಯ ಮೂರು ಕಾಲುಗಳನ್ನು, ಎಂದರೆ ಎಳೆಗಳನ್ನು, ಬೇರೆಬೇರೆಯಾಗಿ ಕಟ್ಟಿ, ಒಂದಕ್ಕೆ ಕೊಬ್ಬರಿ ಎಣ್ಣೆ, ಇನ್ನೊಂದಕ್ಕೆ ದಾಸವಾಳದ ಎಲೆಯ ಗೊಂಪು (ಲೋಳೆ), ಮೂರನೆಯದಕ್ಕೆ ಕಂಡೀಷನರ್ ಹಚ್ಚಿ ನೋಡಿದೆ. ಕೂದಲು ಒಂದೇ, ಸವೆತ ಒಂದೇ, ಬಾಚಣಿಗೆಯೂ ಅದೇ ಅಗಲ ಹಲ್ಲಿನದು.

ಹಚ್ಚುವುದಕ್ಕಿಂತ ಮೊದಲು ಕೂದಲಿನ ಗುಣ ತಿಳಿಯಬೇಕು. ಕೂದಲಿನ ಮೈಮೇಲೆ ಮೀನಿನ ಹುರುಪೆಯಂತಹ ಸಣ್ಣ ಪದರಗಳು ಬುಡದಿಂದ ತುದಿಯ ಕಡೆಗೆ ಮಲಗಿರುತ್ತವೆ. ಒಂದು ಕೂದಲನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು, ಅದರ ಉದ್ದಕ್ಕೆ ಬೆರಳುಗಳನ್ನು ಹಿಂದೆ ಮುಂದೆ ಉಜ್ಜಿದರೆ ಅದು ಮೆಲ್ಲನೆ ಬುಡದ ದಿಕ್ಕಿಗೇ ಸರಿಯುತ್ತದೆ. ನನ್ನ ಚೌರಿಯಿಂದ ಹತ್ತು ಕೂದಲು ಕಿತ್ತು ಹೀಗೆ ಉಜ್ಜಿದಾಗ ಕೆಲವು ಮೇಲಕ್ಕೆ ಸರಿದವು, ಕೆಲವು ಕೆಳಕ್ಕೆ. ಎಂದರೆ ಬುಡ ತುದಿ ನೋಡದೆ ಕೂಡಿಸಿ ಕಟ್ಟಿದ ಕೂದಲು ಅದು. ಎದುರುಬದುರಾದ ಪದರಗಳು ಒಂದಕ್ಕೊಂದು ಕೊಕ್ಕೆ ಹಾಕಿಕೊಳ್ಳುವುದೇ ಸಿಕ್ಕಿನ ಮೂಲ. ಇಂತಹ ಕೂದಲಿಗೆ ಸಾಮಾನ್ಯವಾಗಿ ಸಿಲಿಕೋನ್ ಲೇಪಿಸಿ ಮಾರುವುದರಿಂದ ಹೊಸತರಲ್ಲಿ ರೇಷ್ಮೆಯಂತಿರುತ್ತದೆ, ಕೆಲವು ಸಲ ತೊಳೆದ ಮೇಲೆ ನಿಜರೂಪ ಕಾಣುತ್ತದೆ. ಬುಡವೆಲ್ಲ ಒಂದೇ ಕಡೆಗಿಟ್ಟು ಕಟ್ಟಿದ್ದನ್ನು ರೆಮಿ ಎನ್ನುತ್ತಾರೆ. ಬೆಲೆ ಹೆಚ್ಚಾದರೂ ಕೊಳ್ಳಬೇಕಾದದ್ದು ಅದನ್ನೇ.

ಕೊಬ್ಬರಿ ಎಣ್ಣೆ ಹಚ್ಚಿದ ಕಾಲಿನಲ್ಲಿ ಗಟ್ಟಿ ಗಂಟುಗಳು ಹತ್ತು ನಿಮಿಷದಲ್ಲಿ ಸಡಿಲವಾದವು. ಇದರಲ್ಲಿ ಎಣ್ಣೆಗೆ ಸಾಟಿಯಿಲ್ಲ. ಕಷ್ಟ ಬಂದದ್ದು ಆಮೇಲೆ. ಜಿಡ್ಡು ಹೋಗಲು ಎರಡು ಸಲ ಶಾಂಪೂ ಹಾಕಬೇಕಾಯಿತು, ಆ ತೊಳೆತದಲ್ಲೇ ಬಿಡಿಸಿದ ಕೂದಲು ಮತ್ತೆ ಸುತ್ತಿಕೊಂಡಿತು. ತೊಳೆಯದೆ ಬಿಟ್ಟರೆ ಮಲೆನಾಡಿನ ಮಳೆಗಾಲದಲ್ಲಿ ವಾರದೊಳಗೆ ಕಮಟು ವಾಸನೆ ಹಿಡಿಯುತ್ತದೆ. ಅಂಟಿನ ಪಟ್ಟಿಯಿಂದ ತಲೆಗೆ ಕೂರಿಸುವ ಎಕ್ಸ್‌ಟೆನ್ಷನ್ ಆದರೆ ಎಣ್ಣೆಯ ಮಾತೇ ಬೇಡ, ಅಂಟು ಬಿಟ್ಟುಕೊಳ್ಳುತ್ತದೆ.

ಗೊಂಪಿನ ಸಲಹೆ ನಮ್ಮ ಅತ್ತೆಯವರದು. ಅವರ ಮೊಣಕಾಲುದ್ದದ ಜಡೆ ಕಂಡವರಾರೂ ಆ ಸಲಹೆಯನ್ನು ತಳ್ಳಿಹಾಕುವಂತಿಲ್ಲ. ದಾಸವಾಳದ ಎಲೆಯನ್ನು ನೀರಿನಲ್ಲಿ ಕಿವುಚಿ ತೆಗೆದ ಲೋಳೆಯಲ್ಲಿ ಕೂದಲು ಅದ್ದಿದಾಗ ಬಾಚಣಿಗೆ ತಡೆಯಿಲ್ಲದೆ ಇಳಿಯಿತು. ಆತುರದಲ್ಲಿ ನಾನು ಮೇಲಿನಿಂದ ಎಳೆಯುತ್ತಿದ್ದುದನ್ನು ಕಂಡು, "ಬುಡದಿಂದ ಎಳೀಬೇಡ ಮಾರಾಯ್ತಿ, ತುದಿಯಿಂದ ಬಿಡಿಸ್ತಾ ಬಾ" ಎಂದು ಅವರು ಬಾಚಣಿಗೆ ಕಸಿದುಕೊಂಡು, ಗಂಟಿನ ಮೇಲ್ಭಾಗವನ್ನು ಎಡಗೈಯ ಮುಷ್ಟಿಯಲ್ಲಿ ಬಿಗಿಹಿಡಿದು, ಕೊನೆಯ ನಾಲ್ಕು ಬೆರಳಷ್ಟನ್ನು ಮೊದಲು ಬಾಚಿ, ಅದು ಹಗುರಾದ ಮೇಲೆ ಮತ್ತೆ ನಾಲ್ಕು ಬೆರಳು ಮೇಲೇರಿದರು. ಹಾಗೆ ಹಿಡಿದರೆ ಎಳೆತ ಕೂದಲನ್ನು ಕೂಡಿಸಿದ ಹೊಲಿಗೆಯವರೆಗೆ ಮುಟ್ಟುವುದಿಲ್ಲ, ಕೂದಲು ಉದುರುವುದಿಲ್ಲ. ಆದರೆ ಸೋಸಿದ್ದರೂ ಎಲೆಯ ಚೂರುಗಳು ಹೊಲಿಗೆಯಲ್ಲಿ ಉಳಿದವು, ಒಣಗಿದ ಮೇಲೆ ಕೂದಲು ತುಸು ಬಿರುಸಾಯಿತು. ತಲೆಯ ಕೂದಲಿಗೆ ನೆತ್ತಿಯ ಜಿಡ್ಡು ದಿನವೂ ಇಳಿಯುತ್ತಿರುತ್ತದೆ, ಕತ್ತರಿಸಿದ ಕೂದಲಿಗೆ ಆ ಆಸರೆಯಿಲ್ಲ. ಅತ್ತೆಯವರ ಜಡೆಗೆ ಒಗ್ಗಿದ್ದು ಚೌರಿಗೆ ಅಷ್ಟಾಗಿ ಒಗ್ಗದಿರಲು ಇದೇ ಕಾರಣವಿರಬೇಕೆಂದು ನನ್ನ ಎಣಿಕೆ.

ಕಂಡೀಷನರ್ ಗೆದ್ದಿತು. ಸವೆದ ಕೂದಲಿನ ಮೈಯಲ್ಲಿ ಋಣ ವಿದ್ಯುದಂಶ ಇರುತ್ತದೆ, ಕಂಡೀಷನರಿನಲ್ಲಿ ಧನ ವಿದ್ಯುದಂಶದ ಪದಾರ್ಥಗಳಿರುತ್ತವೆ. ಆದ್ದರಿಂದ ನೀರಿನಲ್ಲಿ ಜಾಲಾಡಿದ ಮೇಲೂ ತೆಳುವಾದ ಪದರವೊಂದು ಕೂದಲಿಗೆ ಅಂಟಿಕೊಂಡು ಜಾರುವಿಕೆಯನ್ನು ಉಳಿಸುತ್ತದೆ. ಗಟ್ಟಿ ಗಂಟುಗಳಿಗೆ ಎಣ್ಣೆಗಿಂತ ಹೆಚ್ಚು ಹೊತ್ತು ಹಿಡಿಯಿತಾದರೂ, ಶ್ರಾವಣದಲ್ಲಿ ಹೊರತೆಗೆದಾಗ ಮೂರರಲ್ಲಿ ಬಾಚಣಿಗೆ ಸಲೀಸಾಗಿ ಇಳಿದದ್ದು ಇದೊಂದರಲ್ಲಿಯೇ. ಈಗ ನಾನು ತೀರ ಹಟಮಾರಿ ಗಂಟಿಗೆ ಮಾತ್ರ ಎರಡು ಹನಿ ಎಣ್ಣೆ ಮುಟ್ಟಿಸಿ, ಉಳಿದದ್ದಕ್ಕೆಲ್ಲ ಕಂಡೀಷನರ್ ಬಳಸುತ್ತೇನೆ.

ಸಿಂಥೆಟಿಕ್ ಕೂದಲಿನ ಲೆಕ್ಕವೇ ಬೇರೆ. ಅದು ಪ್ಲಾಸ್ಟಿಕ್ಕಿನ ನೂಲು. ತಣ್ಣೀರಿಗೆ ಬಟ್ಟೆ ಮೆದುವಾಗಿಸುವ ದ್ರಾವಣವನ್ನು ಒಂದಿಷ್ಟು ಬೆರೆಸಿ ನೆನೆಸಿದರೆ ಸಾಕು. ಬೇಗ ಒಣಗಲೆಂದು ಅಂತಹದೊಂದನ್ನು ಬಚ್ಚಲು ಒಲೆಯ ಮೇಲಿನ ತಂತಿಗೆ ನೇತುಹಾಕಿದ್ದೆ. ಬೆಳಿಗ್ಗೆ ನೋಡಿದರೆ ತುದಿಗಳೆಲ್ಲ ಮುರುಟಿ ಒಂದೇ ಮುದ್ದೆಯಾಗಿದ್ದವು. ಬಿಡಿಸುವ ಹಾಗಿರಲಿಲ್ಲ, ಒಂದು ಗೇಣು ಕತ್ತರಿಸಿ ಎಸೆಯಬೇಕಾಯಿತು.

ಎತ್ತಿಡುವ ವಿಧಾನಗಳನ್ನೂ ಹೋಲಿಸಿದ್ದೇನೆ. ಪ್ಲಾಸ್ಟಿಕ್ ಕವರಿನೊಳಗೆ ಇಟ್ಟದ್ದು ಬೆವೆತು ಬೂಷ್ಟು ಹಿಡಿಯಿತು. ತೇವ ತುಂಬಿದ ಗಾಳಿಯಲ್ಲಿ ಕೂದಲು ತನ್ನ ತೂಕದ ಸುಮಾರು 30 ಪ್ರತಿಶತದಷ್ಟು ನೀರು ಹೀರಬಲ್ಲದು, ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯ ಆಸುಪಾಸಿನಲ್ಲಿ ಇದನ್ನು ಮರೆಯುವಂತಿಲ್ಲ. ಮೊಳೆಗೆ ಬಿಡಿಯಾಗಿ ನೇತುಹಾಕಿದ್ದು ಗಾಳಿಗೆ ಸುತ್ತಿಕೊಂಡಿತು. ಫ್ಯಾನಿನ ಕೆಳಗೆ ಎರಡು ದಿನ ಪೂರ್ತಿ ಒಣಗಿಸಿ, ಸಡಿಲವಾಗಿ ಹೆಣೆದು, ಹಳೆಯ ಹತ್ತಿ ಸೀರೆಯ ತುಂಡಿನಲ್ಲಿ ಸುತ್ತಿಟ್ಟದ್ದು ಮಾತ್ರ ಇಟ್ಟಂತೆಯೇ ಇತ್ತು. ಸರಿಯಾಗಿ ಎತ್ತಿಟ್ಟರೆ ಮೂರರಲ್ಲಿ ಯಾವುದನ್ನು ಹಚ್ಚಬೇಕೆಂಬ ಪ್ರಶ್ನೆಯೇ ಅಪರೂಪಕ್ಕೆ ಬರುತ್ತದೆ.

ಅತಿ ಹೆಚ್ಚು ಸಿಕ್ಕಾಗುವುದು ಮದುವೆಯ ರಾತ್ರಿ, ದಣಿದ ಹುಡುಗಿ ಮೊಗ್ಗಿನ ದಾರವನ್ನು ಕಿತ್ತೆಳೆದಾಗ. ಆದ್ದರಿಂದ ಮಂಟಪದಿಂದ ಹೊರಡುವಾಗ ಹುಡುಗಿಯ ಅಕ್ಕನ ಕೈಗೋ ಚಿಕ್ಕಮ್ಮನ ಕೈಗೋ ಒಂದು ಸಣ್ಣ ಕತ್ತರಿ ಕೊಟ್ಟು, ಜಡೆಯ ಹಿಂಬದಿಯಲ್ಲಿ ದಾರದ ಗಂಟು ಎಲ್ಲಿದೆಯೆಂದು ತೋರಿಸಿ, ಕೆಳಗಿನಿಂದ ಒಂದೊಂದಾಗಿ ಕತ್ತರಿಸುತ್ತಾ ಬರುವಂತೆ ಹೇಳಿ ಬರುತ್ತೇನೆ.