ಪ್ಯಾಸಿವ್ ವಾಯ್ಸ್ ಹಿಡಿಲಿಕ್ಕ "ಬೈ" ನೋಡ್ಬೇಕೋ, ವರ್ಬ್ ನೋಡ್ಬೇಕೋ?

ವಿಜಯಪುರದಾಗ ಎಸ್ಸೆಸ್ಸೆಲ್ಸಿ ಹುಡುಗ್ರಿಗೆ ಸಂಜಿಮುಂದ ಇಂಗ್ಲಿಷ್ ಗ್ರಾಮರ್ ಹೇಳಿಕೊಡ್ತೀನ್ರಿ, ಬಂದವ್ರೆಲ್ಲಾ ಇದನ್ನ ಕೇಳ್ತಾರ, ಎರಡರಾಗ ಯಾವ ದಾರಿ ಹಿಡೀಬೇಕು ಅಂತ. ಕೆಲಸ ಮಾಡಿದವ್ರು ವಾಕ್ಯದ ಕರ್ತೃ ಆಗಿದ್ರ ಆ್ಯಕ್ಟಿವ್, ಕೆಲಸ ಯಾರ ಮ್ಯಾಲೆ ಆತೋ ಅದು ಕರ್ತೃನ ಜಾಗದಾಗ ಬಂದ್ರ ಪ್ಯಾಸಿವ್.

"ಬೈ" ಹುಡುಕೋದು ಲಗೂನ ಆಗ್ತದ, ಒಮ್ಮೆ ಕಣ್ಣಾಡಿಸಿದ್ರ ಮುಗೀತು, ಆದ್ರ ನಂಬಬ್ಯಾಡ್ರಿ. "ಶಿ ಸ್ಯಾಟ್ ಬೈ ದ ವಿಂಡೋ" ಇದ್ರಾಗ ಬೈ ಅದ, ಆದ್ರ ಆ್ಯಕ್ಟಿವ್, ಕೂತಾಕಿ ಆಕಿನ. "ಗೋಲ್ ಗುಂಬಜ್ ವಾಸ್ ಕಂಪ್ಲೀಟೆಡ್ ಇನ್ 1656" ಇದ್ರಾಗ ಬೈ ಇಲ್ಲೇ ಇಲ್ಲ, ಆದ್ರೂ ಪಕ್ಕಾ ಪ್ಯಾಸಿವ್, ಯಾಕಂದ್ರ ಗುಂಬಜ್ ತಾನ ಏನೂ ಮಾಡ್ಲಿಲ್ಲ, ಕಟ್ಟಿ ಮುಗಿಸಿದವ್ರು ಬ್ಯಾರೆ.

ವರ್ಬ್ ನೋಡೋ ದಾರಿ ಮೊದಲಿಗೆ ತ್ರಾಸ ಅನಸ್ತದ, ವರ್ಬಿನ ಮೂರನೇ ರೂಪ (ರೈಟ್, ರೋಟ್, ರಿಟನ್ ಇದ್ರಾಗ ರಿಟನ್) ಬಾಯಿಪಾಠ ಇರಬೇಕಲ್ಲ, ಆದ್ರ ಒಮ್ಮೆ ಕೂತ್ರ ಕೈಬಿಡೂದಿಲ್ಲ. ಈಸ್, ವಾಸ್, ಬೀನ್ ಅಂಥವುಗಳ ಜೋಡಿ ಮೂರನೇ ರೂಪ ಬಂದ್ರ ಪ್ಯಾಸಿವ್. "ಈಸ್ ರೈಟಿಂಗ್" ಆ್ಯಕ್ಟಿವ್, "ಈಸ್ ರಿಟನ್" ಪ್ಯಾಸಿವ್, "ಹ್ಯಾಸ್ ರಿಟನ್" ಮತ್ತ ಆ್ಯಕ್ಟಿವ್, "ಹ್ಯಾಸ್ ಬೀನ್ ರಿಟನ್" ಪ್ಯಾಸಿವ್. ಈ ನಾಕೂ ಒಂದ ಹಾಳ್ಯಾಗ ಬರದು ಗ್ವಾಡಿಗೆ ಹಚ್ಚರಿ, ಖರೇನ ಹೇಳ್ತೀನಿ, ಹುಡುಗ್ರು ಎಡವೋದು ಇಲ್ಲೇ, ಹ್ಯಾಸ್ ಕಂಡ್ರ ಸಾಕು ಗಾಬರಿ ಆಗ್ತಾರ. "ಈಸ್ ಟೈರ್ಡ್" ಅಂಥವು ಮಾತ್ರ ಮೋಸ ಮಾಡ್ತಾವ, ಅಲ್ಲೆ ಟೈರ್ಡ್ ಬರೇ ಗುಣ ಹೇಳ್ತದ.

ವಾಕ್ಯದ ಬಗೀನೂ ಹಂಗ. ಆ್ಯಂಡ್ ಕಂಡ ಕೂಡ್ಲೇ ಕಾಂಪೌಂಡ್ (ಎರಡು ವಾಕ್ಯ ಕೂಡಿ ಆದದ್ದು) ಅನ್ನಬ್ಯಾಡ್ರಿ, "ಐ ಏಟ್ ರೊಟ್ಟಿ ಆ್ಯಂಡ್ ಚಟ್ನಿ" ಸಿಂಪಲ್, ವರ್ಬ್ ಒಂದೇ ಅದ. "ಇನ್ ದ ಮಾರ್ನಿಂಗ್" ಅನ್ನೋದ್ರಾಗ ವರ್ಬೇ ಇಲ್ಲ, ಅದು ವಾಕ್ಯ ಅಲ್ಲ, ಫ್ರೇಸ್, ಅಂದ್ರ ಬರೇ ಪದಗಳ ಗುಂಪು.

ಪರೀಕ್ಷಾ ನಾಳೇನ ಇದ್ರ ಬೈ ನೋಡ್ರಿ, ಒಂದು ತಿಂಗಳ ಟೈಮ್ ಇದ್ರ ವರ್ಬ್ ಹಿಡೀರಿ.